ಹಳೆಯ ಟರೆಟ್ ಲೇತ್ ಭೋಸರಿಗೆ ಬಂತು, ಅರ್ಧ ಸಾಮಾನು ಬರಲಿಲ್ಲ

ಭೋಸರಿ ಟರ್ನರ್
ಪುಣೆ-ಮುಂಬೈ ಕಡೆಯ ಮಷಿನ್ ಶಾಪ್ ಮಂದಿಗೆಲ್ಲ ನಮಸ್ಕಾರ. ನನ್ನದು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಶೆಡ್. ಎರಡು ಲೇತ್, ಒಂದು ಮಿಲ್ಲಿಂಗ್, ಒಂದು ಡ್ರಿಲ್. ಹಿತ್ತಾಳೆ ನಿಪ್ಪಲ್ (ಥ್ರೆಡ್ ಇರುವ ಸಣ್ಣ ಕೊಳವೆ), ಬುಷ್ (ತೂತಿನೊಳಗೆ ಕೂರುವ ಬಳೆ) ಇಂಥ ಸಣ್ಣ ಕೆಲಸ ಜಾಸ್ತಿ. ಒಂದು ಸಲಕ್ಕೆ ಇನ್ನೂರು, ಮುನ್ನೂರು ಪೀಸ್ ಬರುತ್ತವೆ. ಸಾದಾ ಲೇತಿನಲ್ಲಿ ಮಾಡಿದರೆ ಕೈ ಬಿದ್ದು ಹೋಗುತ್ತದೆ.

ಹೋದ ತಿಂಗಳು ಪಕ್ಕದ ಗಲ್ಲಿಯಲ್ಲಿ ಮುಚ್ಚಿದ ಶಾಪೊಂದರ ಹಿಂದೆ ತಾಡಪಾಲಿನ ಕೆಳಗೆ ಒಂದು ಟರೆಟ್ ಲೇತ್ (ಹಲವು ಟೂಲ್ ಹೊತ್ತು ತಿರುಗುವ ತಲೆ, ಅಂದರೆ ಟರೆಟ್, ಇರುವ ಲೇತ್) ಕಂಡಿತು. ಗುಜರಿ ರೇಟಿಗಿಂತ ಸ್ವಲ್ಪ ಮೇಲೆ ಕೊಟ್ಟು ತಂದೆ. "ಬಿಚ್ಚಿಟ್ಟ ಪಾರ್ಟ್ ಎಲ್ಲ ಗೋಣಿಚೀಲದಲ್ಲಿ ಇವೆ" ಅಂದಿದ್ದರು. ಮನೆಗೆ ಬಂದು ಚೀಲ ಸುರಿದರೆ ಅರ್ಧ ಒಡೆದ ಕೋಲೆಟ್ (ರಾಡ್ ಹಿಡಿಯುವ ಬಳೆ), ಯಾವುದೋ ಮಿಲ್ಲಿಂಗ್ ಮಷಿನ್ನಿನ ಹ್ಯಾಂಡಲ್, ಒಂದು ಮಿಕ್ಸರ್ ಮೋಟರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಲ್ಲದ್ದು ಇವು: ಟರೆಟ್ ತಿರುಗಿ ನಿಂತಾಗ ಲಾಕ್ ಮಾಡುವ ಪ್ಲಂಜರ್ ಮತ್ತು ಸ್ಪ್ರಿಂಗ್. ಟೂಲ್ ಎಲ್ಲಿಗೆ ಹೋಗಿ ನಿಲ್ಲಬೇಕೋ ಅಲ್ಲಿ ತಡೆಯುವ ಆರು ಸ್ಟಾಪ್ ಸ್ಕ್ರೂಗಳಲ್ಲಿ ಐದು. ಅಡ್ಡ ಓಡುವ ಕ್ರಾಸ್ ಸ್ಲೈಡಿನ ಮೇಲೆ ಟೂಲ್ ಹಿಡಿಯುವ ಮುಂದಿನ, ಹಿಂದಿನ ಎರಡೂ ಟೂಲ್ ಪೋಸ್ಟ್. ಫೀಡ್ ಬಾಕ್ಸಿನ ಒಂದು ಗೇರ್. ರಾಡನ್ನು ತಾನೇ ಮುಂದಕ್ಕೆ ತಳ್ಳುವ ಬಾರ್ ಫೀಡ್ ಪೂರ್ತಿ ಇಲ್ಲ. ಮೋಟರ್ ಇಲ್ಲ. ನೇಮ್ ಪ್ಲೇಟೂ ಇಲ್ಲ, ನಾಲ್ಕು ರಿವೆಟ್ ತೂತು ಮಾತ್ರ ಇವೆ.

ಇರುವುದು: ಬೆಡ್ ಚೆನ್ನಾಗಿದೆ ಅನ್ನಿಸುತ್ತದೆ. ಸ್ಪಿಂಡಲ್ ಕೈಯಲ್ಲಿ ತಿರುಗಿಸಿದರೆ ಬೆಣ್ಣೆ. ಎಲ್ಲಿಂದ ಶುರು ಮಾಡಲಿ?

ಪಿಂಪ್ರಿ ಸಿಎನ್‌ಸಿ
ಸರ್, ಬೇಜಾರು ಮಾಡ್ಕೋಬೇಡಿ. ತೂಕಕ್ಕೆ ಹಾಕಿ ಕೈ ತೊಳೆದುಕೊಳ್ಳಿ. ಮುನ್ನೂರು ಪೀಸಿಗೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಇರುವ ಯಾರಿಗಾದರೂ ಜಾಬ್ ವರ್ಕ್ ಕೊಡಿ. ಪ್ರೋಗ್ರಾಂ ಹಾಕಿದರೆ ಮುಗೀತು. ಈ ಮಷಿನ್ನಿಗೆ ಪಾರ್ಟ್ ಹುಡುಕುತ್ತಾ ಒಂದು ವರ್ಷ ಹೋಗುತ್ತದೆ.

ಬೀಡು ಕಾಕಾ
ತಮ್ಮಾ ಪಿಂಪ್ರಿ, ಮುನ್ನೂರು ಹಿತ್ತಾಳೆ ನಿಪ್ಪಲ್ ತಗೊಂಡು ನೀನು ಯಾವ ಸಿಎನ್‌ಸಿ ಶಾಪಿಗೆ ಹೋದರೂ "ಮುಂದಿನ ವಾರ ನೋಡೋಣ" ಅಂತಾರೆ. ಮೂರು ಸಾವಿರ ಇದ್ದರೆ ಚಹಾ ಕುಡಿಸಿ ಕೂರಿಸುತ್ತಾರೆ. ನಾನು ಮೂವತ್ತನಾಲ್ಕು ವರ್ಷ ಚಿಂಚವಡದಲ್ಲಿ ಇದೇ ಕೆಲಸ ಮಾಡಿ ರಿಟೈರ್ ಆದವನು. ಸಣ್ಣ ಲಾಟಿಗೆ ಇವತ್ತಿಗೂ ಇದು ಕೆಲಸದ ಮಷಿನ್. ಟೂಲ್ ಸೆಟ್ ಮಾಡುವುದರಲ್ಲಿ ಅರ್ಧ ದಿನ ಹೋಗುತ್ತದೆ, ನಿಜ. ಆಮೇಲೆ ಕಣ್ಣು ಮುಚ್ಚಿಕೊಂಡು ಹಿಡಿಕೆ ತಿರುಗಿಸಿದರೂ ಪೀಸ್ ಬೀಳುತ್ತಲೇ ಇರುತ್ತವೆ.

ಭೋಸರಿ ತಮ್ಮಾ, ನಿನಗೆ ಎರಡು ಪ್ರಶ್ನೆ.

ಮೊದಲನೆಯದು, ಅದು ನಿಜಕ್ಕೂ ಟರೆಟ್ ಲೇತಾ? ಆರು ಮುಖದ ಟರೆಟ್ ಇದ್ದರೆ ನಮ್ಮ ಕಡೆ ಎಲ್ಲದಕ್ಕೂ ಅದೇ ಹೆಸರು. ಟರೆಟ್ ಕೂತ ಸ್ಯಾಡಲ್ಲೇ (ಅಡಿಯ ಪೀಠ) ಬೆಡ್ (ಮಷಿನ್ನಿನ ಉದ್ದನೆಯ ಹಳಿ) ಮೇಲೆ ಪೂರ್ತಿ ಓಡಿದರೆ ಟರೆಟ್ ಲೇತ್. ಸ್ಯಾಡಲ್ ಬೆಡ್ಡಿಗೆ ಬಿಗಿದು ನಿಂತು, ಅದರ ಮೇಲೆ ಒಂದು ಸ್ಲೈಡ್ ಟರೆಟ್ ಹೊತ್ತುಕೊಂಡು ಹಿಂದೆ ಮುಂದೆ ಹೋದರೆ ಕ್ಯಾಪ್‌ಸ್ಟನ್. ಪಾರ್ಟ್ ಕೇಳಲು ಹೋದಾಗ ಈ ವ್ಯತ್ಯಾಸ ಗೊತ್ತಿರಬೇಕು. ಸ್ಟಾಪ್ ಇರುವ ಜಾಗವೇ ಬೇರೆ.

ಎರಡನೆಯದು, ಇಂಡೆಕ್ಸ್ ರಿಂಗ್ ಇದೆಯೋ ಇಲ್ಲವೋ? ಟರೆಟ್ ಕೆಳಗೆ ಆರು ತೂತಿನ ಬಳೆ ಇರುತ್ತದೆ, ಪ್ಲಂಜರ್ ಹೋಗಿ ಅದರಲ್ಲಿ ಕೂರುತ್ತದೆ. ಆ ಬಳೆ ಇದ್ದರೆ ಮಷಿನ್ ಬದುಕಿದೆ. ಅದೂ ಹೋಗಿದ್ದರೆ ಪಿಂಪ್ರಿ ಹುಡುಗ ಹೇಳಿದ್ದನ್ನು ಯೋಚಿಸು.

ಪಾರ್ಟ್ ಹುಡುಕಲು ಈಗಲೇ ಓಡಬೇಡ. ಉಳಿದದ್ದನ್ನು ಮೊದಲು ತೊಳೆ, ಅಳೆ. ಹೋದ ಪಾರ್ಟಿನ ಅಳತೆ ಅದರ ಪಕ್ಕದ ಪಾರ್ಟಿನಲ್ಲಿ ಕೂತಿರುತ್ತದೆ.

ಭೋಸರಿ ಟರ್ನರ್
ಕಾಕಾ, ನಿಮ್ಮ ಮಾತೇ ಸರಿ. ಇದು ಕ್ಯಾಪ್‌ಸ್ಟನ್. ಸ್ಯಾಡಲ್ ಎರಡು ಬೋಲ್ಟಿನಿಂದ ಬೆಡ್ಡಿಗೆ ಬಿಗಿದಿದೆ, ಮೇಲೆ ಸ್ಲೈಡ್ ಓಡುತ್ತದೆ. ಹತ್ತು ವರ್ಷದಿಂದ ಟರೆಟ್ ಟರೆಟ್ ಅನ್ನುತ್ತಿದ್ದೆ, ನಾಚಿಕೆ.

ಇಂಡೆಕ್ಸ್ ರಿಂಗ್ ಇದೆ! ಟರೆಟ್ ಎತ್ತಿದಾಗ ಒಂದಿಂಚು ಗ್ರೀಸು, ಹಿತ್ತಾಳೆ ಚೂರು, ಒಂದು ಸತ್ತ ಹಲ್ಲಿ. ಸೀಮೆಎಣ್ಣೆ ಹಾಕಿ ತೊಳೆದ ಮೇಲೆ ಆರು ಗಟ್ಟಿ ಬುಷ್ ಕಂಡವು. ಚಿಪ್ ಟ್ರೇ ಕೆಳಗೆ ಬಣ್ಣ ಕೆರೆದಾಗ ಬೀಡುಕಬ್ಬಿಣದಲ್ಲೇ ಎರಕ ಹೊಯ್ದ ಅಕ್ಷರ ಸಿಕ್ಕಿತು. ಮೊದಲ ಅರ್ಧ ಸವೆದಿದೆ. ಕೊನೆಯ ಪದ ಕೋವೆಂಟ್ರಿ.

ಹರಿಹರ ಹುಡುಗ
ಕೋವೆಂಟ್ರಿ ಅಂದರೆ ಆಲ್ಫ್ರೆಡ್ ಹರ್ಬರ್ಟ್ ಇರಬಹುದು ಅಲ್ವಾ? 1888ರಲ್ಲಿ ಶುರುವಾದ ಕಂಪನಿ. ಒಂದು ಕಾಲಕ್ಕೆ ಮಷಿನ್ ಟೂಲ್ ಮಾಡುವುದರಲ್ಲಿ ಜಗತ್ತಿನ ದೊಡ್ಡ ಹೆಸರುಗಳಲ್ಲಿ ಒಂದು. 1980ರ ದಶಕದ ಶುರುವಿನಲ್ಲಿ ಮುಚ್ಚಿತು. ಹಾಗಾಗಿ ಕಂಪನಿಗೆ ಪತ್ರ ಬರೆದು ಪಾರ್ಟ್ ತರಿಸುವ ಕನಸು ಬಿಡಿ.

ವಿಷಯ ಬಿಟ್ಟು ಒಂದು ಮಾತು. ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟದ್ದೂ ಅದೇ 1888ರಲ್ಲಿ. ನಮ್ಮೂರು ಹರಿಹರದ ಮೈಸೂರು ಕಿರ್ಲೋಸ್ಕರ್ 1941ರದ್ದು. ನಮ್ಮಪ್ಪ ಅಲ್ಲಿಯ ಲೇತ್ ಮೇಲೆಯೇ ಕೆಲಸ ಕಲಿತವರು. ಇನ್ನೊಂದು ತಮಾಷೆ ಗೊತ್ತಾ? ಈ ಟರೆಟ್ ಐಡಿಯಾ ಬಂದದ್ದೇ ಪಿಸ್ತೂಲಿನ ಸ್ಕ್ರೂ ಮಾಡಲಿಕ್ಕೆ. 1845ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸ್ಟೀಫನ್ ಫಿಚ್ ಅನ್ನುವವನು ಒಂದು ದೊಡ್ಡ ಆರ್ಡರ್ ಮುಗಿಸಲಿಕ್ಕೆ ಮಾಡಿಕೊಂಡ ಉಪಾಯ.

ಗೇರ್ ಅಕ್ಕ
ಆ ಸತ್ತ ಹಲ್ಲಿಯ ಆತ್ಮಕ್ಕೆ ಶಾಂತಿ ಸಿಗಲಿ. ನಾನು ಚಿಂಚವಡದಲ್ಲಿ ಹಾಬಿಂಗ್ (ಗೇರಿನ ಹಲ್ಲು ಕತ್ತರಿಸುವ) ಸೆಕ್ಷನ್ ನೋಡಿಕೊಳ್ಳುತ್ತೇನೆ. ಹೋದ ಗೇರಿನ ಚಿಂತೆ ನನಗೆ ಬಿಡಿ. ನೀವು ಇಷ್ಟು ಅಳತೆ ಕೊಡಿ:

ಅದರ ಜೊತೆ ಕೂಡುವ ಗೇರ್ ಇದೆಯಲ್ಲ, ಅದರ ಹಲ್ಲೆಷ್ಟು? ಹೊರಗಿನ ವ್ಯಾಸ ಎಷ್ಟು? ವರ್ನಿಯರಿನಲ್ಲಿ ಎರಡು ಹಲ್ಲು ಹಿಡಿದು ಅಳೆಯಿರಿ, ಆಮೇಲೆ ಮೂರು ಹಲ್ಲು ಹಿಡಿದು ಅಳೆಯಿರಿ. ಕೊನೆಗೆ ಎರಡೂ ಶಾಫ್ಟ್‌ಗಳ ದಪ್ಪ, ಮತ್ತು ಒಂದರ ಹೊರಮೈಯಿಂದ ಇನ್ನೊಂದರ ಹೊರಮೈವರೆಗೆ ಎಷ್ಟು ಅಂತ. ಸುಮ್ನೆ ಅಂದಾಜು ಹೇಳಬೇಡಿ, ಮೂರು ಸಲ ಅಳೆದು ಬರೆಯಿರಿ.

ಭೋಸರಿ ಟರ್ನರ್
ಅಕ್ಕಾ, ಅಳತೆ ಇಲ್ಲಿದೆ. ಹಲ್ಲು 24. ಹೊರವ್ಯಾಸ 65.95 ಮಿ.ಮೀ. ಎರಡು ಹಲ್ಲಿನ ಮೇಲೆ 11.90, ಮೂರು ಹಲ್ಲಿನ ಮೇಲೆ 19.61. ಶಾಫ್ಟ್ ಎರಡೂ 19.05. ಹೊರಗಿಂದ ಹೊರಗೆ 95.25.

ನಾನು ಲೆಕ್ಕ ಹಾಕಿದರೆ ಎರಡೂವರೆ ಮಾಡ್ಯೂಲ್ (ಹಲ್ಲಿನ ಸೈಜಿನ ಮೆಟ್ರಿಕ್ ಅಳತೆ) ಹತ್ತಿರ ಬಂತು. ಹಾಗೇ ಮಾಡಿಸಿಬಿಡಲಾ?

ಗೇರ್ ಅಕ್ಕ
ಅಯ್ಯೋ, ಬೇಡ! ಎಲ್ಲರೂ ಬೀಳುವ ಗುಂಡಿ ಇದೇ.

ಎರಡೂವರೆ ಮಾಡ್ಯೂಲ್, 24 ಹಲ್ಲು ಅಂದರೆ ಹೊರವ್ಯಾಸ ಸರಿಯಾಗಿ 65.00 ಬರಬೇಕು. ನಿಮ್ಮದು 65.95. ಗೇರ್ ಸವೆದು ಚಿಕ್ಕದಾಗುತ್ತದೆ, ದೊಡ್ಡದಾಗುವುದಿಲ್ಲ. ಹಳೆ ಇಂಗ್ಲಿಷ್ ಮಷಿನ್ ಅಂದರೆ ಡಿಪಿ ಲೆಕ್ಕ, ಅಂದರೆ ವ್ಯಾಸದ ಒಂದು ಇಂಚಿಗೆ ಎಷ್ಟು ಹಲ್ಲು ಅಂತ. ಹಲ್ಲಿಗೆ ಎರಡು ಸೇರಿಸಿ ಇಂಚಿನ ವ್ಯಾಸದಿಂದ ಭಾಗಿಸಿ. ನಿಮ್ಮ 65.95 ಮಿ.ಮೀ. ಅಂದರೆ ಸುಮಾರು 2.6 ಇಂಚು, 26ನ್ನು 2.6ರಿಂದ ಭಾಗಿಸಿದರೆ 10. ಅಂದರೆ 10 ಡಿಪಿ. ಹೊಸದಿದ್ದಾಗ 66.04 ಇದ್ದದ್ದು ಒಂದಿಷ್ಟು ಕಡಿಮೆಯಾಗಿದೆ, ಅಷ್ಟೇ.

ಈಗ ಹಲ್ಲಿನ ಕೋನ. ಮೂರು ಹಲ್ಲಿನ ಅಳತೆಯಿಂದ ಎರಡು ಹಲ್ಲಿನದನ್ನು ಕಳೆಯಿರಿ, 7.71. 10 ಡಿಪಿಯಲ್ಲಿ 20 ಡಿಗ್ರಿ ಹಲ್ಲಾದರೆ ಇದು 7.50 ಬರಬೇಕು. ಹದಿನಾಲ್ಕೂವರೆ ಡಿಗ್ರಿ ಆದರೆ 7.73. ನಿಮ್ಮದು ಹದಿನಾಲ್ಕೂವರೆ. ಈಗಿನ ಶಾಪಿನಲ್ಲಿ ಕೇಳದೇ ಕೊಟ್ಟರೆ 20 ಡಿಗ್ರಿ ಕಟರ್ ಹಾಕಿಬಿಡುತ್ತಾರೆ. ಹಾಕಿದ ದಿನ ಕೂಡಿದ ಹಾಗೆ ಕಾಣುತ್ತದೆ, ಒಂದು ವಾರಕ್ಕೆ ಕೂಗಲು ಶುರು.

ಹೋದ ಗೇರಿನ ಹಲ್ಲೆಷ್ಟು? 95.25ರಿಂದ ಒಂದು ಶಾಫ್ಟಿನ ದಪ್ಪ 19.05 ಕಳೆದರೆ 76.2. ಅದು ಎರಡು ಶಾಫ್ಟಿನ ನಡುವಿನ ದೂರ, ಸರಿಯಾಗಿ 3 ಇಂಚು. 10 ಡಿಪಿಯಲ್ಲಿ 3 ಇಂಚಿಗೆ ಎರಡೂ ಗೇರಿನ ಹಲ್ಲು ಸೇರಿ 60 ಇರಬೇಕು. ನಿಮ್ಮ ಹತ್ತಿರ 24 ಇದೆ. ಕಳೆದುಹೋದದ್ದು 36.

ನಮ್ಮಲ್ಲಿ ಆ ಹಾಬ್ (ಹಲ್ಲು ಕತ್ತರಿಸುವ ಕಟರ್) ಇದೆ, ಮೂಲೆಯಲ್ಲಿ ಧೂಳು ತಿನ್ನುತ್ತಾ. ಹಲ್ಲಿಲ್ಲದ ಬ್ಲಾಂಕ್ ಲೇತಿನಲ್ಲಿ ತಿರುಗಿಸಿ ತನ್ನಿ.

ಭೋಸರಿ ಟರ್ನರ್
ಅಕ್ಕಾ, ಇದನ್ನು ಪ್ರಿಂಟ್ ತೆಗೆದು ಶೆಡ್ಡಿನ ಗೋಡೆಗೆ ಅಂಟಿಸಿದ್ದೇನೆ.

ಕುರ್ಲಾ ಫಿಟ್ಟರ್
ಸ್ಟಾಪ್ ಸ್ಕ್ರೂ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಹಾಳಾಗದ ಒಂದು ತೂತಿನಲ್ಲಿ ಥ್ರೆಡ್ ಗೇಜ್ ಹಾಕಿ ನೋಡಿ. ಬಹುಶಃ ವಿಟ್‌ವರ್ತ್ (ಹಳೆ ಇಂಗ್ಲಿಷ್ ಥ್ರೆಡ್) ಇರುತ್ತದೆ. ಅದರ ಕೋನ 55 ಡಿಗ್ರಿ. ಅಮೆರಿಕನ್ ಯುಎನ್‌ಸಿ, ನಮ್ಮ ಮೆಟ್ರಿಕ್ ಎರಡೂ 60. 3/8 ಇಂಚಿನಲ್ಲಿ ವಿಟ್‌ವರ್ತ್‌ಗೂ ಯುಎನ್‌ಸಿಗೂ ಇಂಚಿಗೆ 16 ಥ್ರೆಡ್ಡೇ, ಹಾಗಾಗಿ ಸ್ಕ್ರೂ ಹೋಗುತ್ತದೆ, "ಸರಿಹೋಯ್ತು" ಅನ್ನಿಸುತ್ತದೆ. ಆದರೆ ಪೂರ್ತಿ ಕಚ್ಚುವುದಿಲ್ಲ. 1/2 ಇಂಚಿಗೆ ಬಂದರೆ ಮೋಸ ಗೊತ್ತಾಗುತ್ತದೆ. ವಿಟ್‌ವರ್ತ್ 12, ಯುಎನ್‌ಸಿ 13. ಕೆಲವೇ ಸುತ್ತು ಹೋಗಿ ಬಿಗಿಯುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಿದವನು ಕೆಟ್ಟ.

ವಿಟ್‌ವರ್ತ್ ಟ್ಯಾಪ್, ಡೈ ಬೇಕಾದರೆ ಮುಂಬೈಯ ನಾಗದೇವಿ ಸ್ಟ್ರೀಟ್‌ಗೆ ಬನ್ನಿ. ಒಂದು ಗಲ್ಲಿ ಪೂರ್ತಿ ಟೂಲ್ ಅಂಗಡಿಗಳು. ಹಳೆ ಕೋವೆಂಟ್ರಿ ಡೈ ಹೆಡ್ (ಥ್ರೆಡ್ ಕತ್ತರಿಸುವ ತಲೆ) ಕಣ್ಣಿಗೆ ಬಿದ್ದರೆ ಬಿಡಬೇಡಿ. ಥ್ರೆಡ್ ಮುಗಿದ ತಕ್ಷಣ ಅದು ತಾನೇ ಬಾಯಿ ಬಿಡುತ್ತದೆ. ಸ್ಪಿಂಡಲ್ ಉಲ್ಟಾ ತಿರುಗಿಸುವ ರಗಳೆ ಇಲ್ಲ. ಅದನ್ನು ಮಾಡುತ್ತಿದ್ದವರೂ ಹರ್ಬರ್ಟ್ ಕಂಪನಿಯವರೇ. ನಿಪ್ಪಲ್ ಮಾಡುವವರಿಗೆ ಅದು ಬಂಗಾರ. ಡೈ ಹೆಡ್ಡಿನ ಚೇಸರ್ (ಥ್ರೆಡ್ ಕತ್ತರಿಸುವ ಪಟ್ಟಿ) ನಾಲ್ಕೂ ಒಂದೇ ಸೆಟ್ಟಿನವು ಅಂತ ನಂಬರ್ ನೋಡಿ ತಗೊಳ್ಳಿ.

ಭೋಸರಿ ಟರ್ನರ್
ನೋಡಿದೆ. ಐದು ತೂತು 3/8 ವಿಟ್‌ವರ್ತ್. ಆರನೆಯದಕ್ಕೆ ಯಾವನೋ ಮಹಾನುಭಾವ ಎಂ10 (10 ಮಿ.ಮೀ. ಮೆಟ್ರಿಕ್) ಟ್ಯಾಪ್ ಹಾಕಿ ಚಿಂದಿ ಮಾಡಿದ್ದಾನೆ. ಅಲ್ಲಿ ಉಳಿದಿದ್ದ ಆ ಒಂದೇ ಒಂದು ಸ್ಕ್ರೂ ಕೂಡ ಎಂ10 ಬೋಲ್ಟು!

ಕುರ್ಲಾ ಫಿಟ್ಟರ್
ಅದನ್ನು ಕೊರೆದು ದೊಡ್ಡದು ಮಾಡಿ, ಒಳಗೂ ಹೊರಗೂ ಥ್ರೆಡ್ ಇರುವ ಬುಷ್ ಹಾಕಿ, ಮತ್ತೆ ವಿಟ್‌ವರ್ತ್ ಮಾಡಿ. ಆರೂ ಒಂದೇ ತರಹ ಇರಲಿ. ಇಲ್ಲದಿದ್ದರೆ ರಾತ್ರಿ ಪಾಳಿಯ ಹುಡುಗ ಅದಲು ಬದಲು ಮಾಡಿಯೇ ಮಾಡುತ್ತಾನೆ.

ಬೀಡು ಕಾಕಾ
ಈಗ ಪ್ಲಂಜರ್. ಈ ಮಷಿನ್ನಿನ ಜೀವ ಇರುವುದೇ ಅದರಲ್ಲಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ರಿಂಗಿನ ಬುಷ್ ನೇರವಾಗಿ ಇರುವುದಿಲ್ಲ, ಟೇಪರ್ ಇರುತ್ತದೆ. ಅದಕ್ಕೇ ಪ್ಲಂಜರ್ ಸವೆದರೂ ಇನ್ನಷ್ಟು ಒಳಗೆ ಹೋಗಿ ಬಿಗಿಯಾಗಿ ಕೂರುತ್ತದೆ. ಟೇಪರ್ ಅಳೆಯಲು ಎರಡು ಬೇರೆ ಬೇರೆ ಸೈಜಿನ ಬೇರಿಂಗ್ ಗೋಲಿ ತಗೋ. ಒಂದೊಂದಾಗಿ ತೂತಿಗೆ ಬಿಡು. ಪ್ರತಿಯೊಂದೂ ಎಷ್ಟು ಆಳಕ್ಕೆ ನಿಂತಿತು ಅಂತ ಡೆಪ್ತ್ ಗೇಜಿನಲ್ಲಿ ನೋಡು. ಎರಡು ಗೋಲಿಯ ವ್ಯಾಸ, ಎರಡು ಆಳ ಇದ್ದರೆ ಕೋನ ಲೆಕ್ಕಕ್ಕೆ ಸಿಗುತ್ತದೆ. ಆಮೇಲೆ ಪ್ಲಂಜರಿನ ಮೂತಿಯನ್ನು ಒಂದು ಕೂದಲು ದಪ್ಪ ಇಟ್ಟು ತಿರುಗಿಸು. ನೀಲಿ ಬಣ್ಣ ಹಚ್ಚಿ ತೂತಿಗೆ ಹಾಕಿ ತೆಗೆ. ನೀಲಿ ತುದಿಯಲ್ಲಿ ಮಾತ್ರ ಅಳಿಸಿದರೆ ಕೋನ ತಪ್ಪು. ಸುತ್ತಲೂ, ಉದ್ದಕ್ಕೂ ಅಳಿಸಿದರೆ ಕೂತಿತು ಅಂತ ಅರ್ಥ.

ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ) ಸ್ಟೀಲಿನಲ್ಲಿ ಮಾಡು. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದು. ಆದರೆ ಹಾಗೇ ಬಿಡಬೇಡ. ಉಜ್ಜಿ ಹೊಳಪು ಮಾಡಿ ಮತ್ತೆ ಮೆಲ್ಲಗೆ ಕಾಯಿಸಿ, ಒಣಹುಲ್ಲಿನ ಬಣ್ಣ ದಾಟಿ ಕಂದು ಬರುವ ತನಕ ಟೆಂಪರ್ ಇಳಿಸು. ಪ್ಲಂಜರ್ ಯಾವಾಗಲೂ ಬುಷ್‌ಗಿಂತ ಒಂದು ಹದ ಮೆತ್ತಗಿರಬೇಕು. ಪ್ಲಂಜರ್ ಸವೆದರೆ ಒಂದು ಮಧ್ಯಾಹ್ನದಲ್ಲಿ ಇನ್ನೊಂದು ಮಾಡುತ್ತೀ. ಬುಷ್ ಸವೆದರೆ ಆರನ್ನೂ ಬದಲಾಯಿಸಬೇಕು, ಅದೂ ಸರಿಯಾಗಿ 60 ಡಿಗ್ರಿಗೆ ಒಂದರಂತೆ. ಆ ಕೆಲಸಕ್ಕೆ ಕೂರಬೇಡ.

ಟರೆಟ್ಟಿನ ಟೂಲ್ ತೂತುಗಳು ಸವೆದಿದ್ದರೆ ಹೊರಗೆ ಎಲ್ಲೂ ಬೋರಿಂಗಿಗೆ ಕಳಿಸಬೇಡ. ಮೊದಲು ಪ್ಲಂಜರ್ ಹಾಕಿ ಲಾಕ್ ಗಟ್ಟಿ ಮಾಡು. ಆಮೇಲೆ ಇದೇ ಮಷಿನ್ನಿನ ಸ್ಪಿಂಡಲ್ಲಿಗೆ ಬೋರಿಂಗ್ ಬಾರ್ ಕಟ್ಟಿ, ಟರೆಟ್ಟನ್ನೇ ಅದರತ್ತ ತಳ್ಳಿ, ಆರೂ ತೂತು ಒಂದೊಂದಾಗಿ ಬೋರ್ ಮಾಡು. ಆಗ ತೂತಿನ ಸೆಂಟರ್ ಸ್ಪಿಂಡಲ್ ಸೆಂಟರಿಗೆ ಕೂಡದೇ ಎಲ್ಲಿಗೆ ಹೋಗುತ್ತದೆ?

ಪಿಂಪ್ರಿ ಸಿಎನ್‌ಸಿ
ಕಾಕಾ, ಈ ಕೊನೆಯ ಮಾತು ಓದಿ ನನ್ನ ಬಾಯಿ ಬಂದಾಯ್ತು. ಒಪ್ಪಿದೆ.

ಉದ್ಯಮಬಾಗ್ ಮೋಲ್ಡರ್
ಟೂಲ್ ಪೋಸ್ಟ್ ಎರಕ ಹೊಯ್ಯಬೇಕಾದರೆ ಬೆಳಗಾವಿಗೆ ಬನ್ನಿ. ಒಂದೇ ಪೀಸಿಗೆ ಮರದ ಪ್ಯಾಟರ್ನ್ ದುಬಾರಿ. ಥರ್ಮೋಕೋಲಿನಲ್ಲಿ ಕೆತ್ತಿ ತನ್ನಿ, ಮರಳಿನಲ್ಲಿ ಹೂತು ಬೀಡು ಹೊಯ್ದರೆ ಅದು ಸುಟ್ಟು ಹೋಗಿ ಅದೇ ಆಕಾರ ನಿಲ್ಲುತ್ತದೆ. ಅಳತೆಯಲ್ಲಿ ಅಡಿಗೆ ಒಂದು ನೂಲು ಜಾಸ್ತಿ ಇಡಿ. ಬೀಡು ಆರಿದಾಗ ಅಷ್ಟು ಕುಗ್ಗುತ್ತದೆ. ಮಷಿನಿಂಗ್ ಮಾಡುವ ಮುಖಕ್ಕೆ ಮತ್ತೆ 3 ಮಿ.ಮೀ.

ಪುಣೆಯ ಹುಡುಗರಿಗೆ ನೂಲು ಗೊತ್ತಿಲ್ಲದಿದ್ದರೆ, ಇಂಚಿನ ಎಂಟನೇ ಒಂದು ಭಾಗ. ನಿಮ್ಮ ಮರಾಠಿ ಮಿಸ್ತ್ರಿ ಸೂತ್ ಅನ್ನುತ್ತಾನಲ್ಲ, ಅದೇ.

ಬೀಡು ಕಾಕಾ
ಮುಂದಿನ ಟೂಲ್ ಪೋಸ್ಟಿಗೆ ಅಷ್ಟೆಲ್ಲ ಬೇಡ, 4 ಇಂಚಿನ ಚೌಕ ಎಂಎಸ್ (ಸಾದಾ ಮೆತ್ತನೆ ಸ್ಟೀಲ್) ತುಂಡಿನಲ್ಲಿ ಮಿಲ್ಲಿಂಗ್ ಮಾಡಿಕೊಳ್ಳಲಿ. ಹಿಂದಿನದಕ್ಕೆ ಎರಕ ಒಳ್ಳೆಯದು. ಪೀಸ್ ಕತ್ತರಿಸುವ ಟೂಲ್ ಹಿಂದೆ ಉಲ್ಟಾ ಕೂರುತ್ತದೆ. ಕಟಿಂಗಿನ ಜೋರು ಸ್ಲೈಡನ್ನು ಮೇಲಕ್ಕೆ ಎಳೆಯುತ್ತದೆ. ಬೀಡು ನಡುಕ ನುಂಗಿಕೊಳ್ಳುತ್ತದೆ.

ಭೋಸರಿ ಟರ್ನರ್
ತುಕ್ಕಿಗೆ ಏನು ಮಾಡಲಿ? ಹ್ಯಾಂಡಲ್, ಬ್ರಾಕೆಟ್ ಎಲ್ಲ ತುಕ್ಕು. ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್ ಇಟ್ಟು ತೆಗೆಯುತ್ತಾರಂತೆ. ಮನೆಯಲ್ಲಿ ಹಳೆ ಸ್ಟೀಲ್ ತಟ್ಟೆ ಇದೆ, ಅದನ್ನು ಪ್ಲಸ್ಸಿಗೆ ಕಟ್ಟಲಾ?

ಗೇರ್ ಅಕ್ಕ
ಸ್ಟೇನ್‌ಲೆಸ್ ತಟ್ಟೆ ಖಂಡಿತ ಬೇಡ! ಅದರಲ್ಲಿನ ಕ್ರೋಮಿಯಂ ನೀರಿಗೆ ಇಳಿದು ವಿಷವಾಗುತ್ತದೆ. ಸಾದಾ ಕಬ್ಬಿಣದ ತಗಡು ಪ್ಲಸ್ಸಿಗೆ, ನಿಮ್ಮ ಪಾರ್ಟ್ ಮೈನಸ್ಸಿಗೆ. ಬಾಗಿಲು ತೆರೆದಿಡಿ, ಬರುವ ಗ್ಯಾಸ್ ಹೈಡ್ರೋಜನ್, ಹತ್ತಿರ ಬೀಡಿ ಸಿಗರೇಟು ಬೇಡ. ಸ್ಪ್ರಿಂಗ್ ಮತ್ತು ಗಟ್ಟಿ ಮಾಡಿದ ಪಾರ್ಟ್ ಅದರಲ್ಲಿ ಹಾಕಬೇಡಿ, ಹೈಡ್ರೋಜನ್ ಕುಡಿದು ಚಟ್ ಅಂತ ಮುರಿಯುತ್ತವೆ.

ಪಿಂಪ್ರಿ ಸಿಎನ್‌ಸಿ
ಮೋಟರ್ ವಿಷಯ ನನಗೆ ಗೊತ್ತು. ಶೆಡ್ಡಿಗೆ ಥ್ರೀ ಫೇಸ್ ಇದ್ದರೆ ಸಾದಾ 415 ವೋಲ್ಟ್ ಮೋಟರ್ ಸಾಕು. ಸಿಂಗಲ್ ಫೇಸಿನಿಂದ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ಹಾಕುವವರು ಒಂದು ನೋಡಿ. ಅದು ಕೊಡುವುದು 230 ವೋಲ್ಟ್ ಥ್ರೀ ಫೇಸ್. ಪ್ಲೇಟಿನ ಮೇಲೆ 230 ಡೆಲ್ಟಾ (ಡೆಲ್ಟಾ ಅಂದರೆ ಕಾಯಿಲ್ ಜೋಡಿಸುವ ಒಂದು ರೀತಿ) ಅಂತ ಇರುವ ಮೋಟರ್ ಬೇಕು. 415 ಡೆಲ್ಟಾ ಇದ್ದರೆ ಜೋರು ಬರುವುದಿಲ್ಲ.

ಭೋಸರಿ ಟರ್ನರ್
ಎರಡೂವರೆ ತಿಂಗಳ ಮೇಲೆ ಬರುತ್ತಿದ್ದೇನೆ, ಕ್ಷಮಿಸಿ. ಅಕ್ಕ ಕೊಟ್ಟ 36 ಹಲ್ಲಿನ ಗೇರ್ ಕೂತಿದೆ, ಸದ್ದೇ ಇಲ್ಲ. ಸ್ಟಾಪ್ ಸ್ಕ್ರೂ ಆರೂ ವಿಟ್‌ವರ್ತ್. ಹಿಂದಿನ ಪೋಸ್ಟ್ ಬೆಳಗಾವಿಯಿಂದ ಬಸ್ಸಿನ ಡಿಕ್ಕಿಯಲ್ಲಿ ಬಂತು. ಪ್ಲಂಜರ್ ಮೂರನೇ ಸಲಕ್ಕೆ ಸರಿಹೋಯಿತು. ಮೊದಲನೆಯದು ಎಣ್ಣೆಯಲ್ಲಿ ಸೀಳಿತು, ಎರಡನೆಯದರ ಕೋನ ತಪ್ಪಿತು.

ಈಗ ಸಮಸ್ಯೆ. ಟರೆಟ್ಟಿನ ತೂತಿನಲ್ಲಿ ಟೆಸ್ಟ್ ಬಾರ್ ಹಾಕಿ, ಸೆಂಟರಿನಿಂದ ಎಷ್ಟು ಸರಿದಿದೆ ಅಂತ ನೋಡಲು ಡಯಲ್ ಗೇಜ್ ಇಟ್ಟೆ. ಐದು ಮುಖ 0.01ರಿಂದ 0.02 ಮಿ.ಮೀ. ಒಳಗೆ ಇವೆ. ನಾಲ್ಕನೆಯದು 0.06. ಬೋರ್ ಮತ್ತೆ ಮಾಡಲಾ?

ಬೀಡು ಕಾಕಾ
ಕೈ ತೆಗೆ! ನಾಲ್ಕನೆಯ ಮುಖವನ್ನೇ ಹತ್ತು ಸಲ ತಿರುಗಿಸಿ ತಂದು ನಿಲ್ಲಿಸು. ಪ್ರತಿ ಸಲ ಅದೇ 0.06 ಬಂದರೆ ತೂತು ತಪ್ಪಿದೆ. ಒಮ್ಮೆ 0.02, ಒಮ್ಮೆ 0.06, ಒಮ್ಮೆ 0.04 ಅಂತ ಕುಣಿದರೆ ತೂತಿನ ತಪ್ಪಲ್ಲ, ಬುಷ್‌ನಲ್ಲಿ ಏನೋ ಕೂತಿದೆ.

ಭೋಸರಿ ಟರ್ನರ್
ಕುಣಿಯಿತು ಕಾಕಾ. 0.02, 0.06, 0.05, 0.02. ಟರೆಟ್ ಮತ್ತೆ ಎತ್ತಿದೆ. ನಾಲ್ಕನೇ ಬುಷ್‌ನ ಬಾಯಲ್ಲಿ ಉಗುರಿಗೆ ತಾಗುವಷ್ಟು ಒಂದು ಬರ್ (ಎದ್ದು ನಿಂತ ಲೋಹದ ಅಂಚು). ಹಿಂದಿನವರು ಸುತ್ತಿಗೆ ಹಾಕಿ ಯಾವುದೋ ಬೋಲ್ಟನ್ನೇ ಪ್ಲಂಜರ್ ಮಾಡಿ ನಡೆಸಿರಬೇಕು. ಆಯಿಲ್ ಸ್ಟೋನಿನಲ್ಲಿ ಹತ್ತು ನಿಮಿಷ ಉಜ್ಜಿದೆ. ಈಗ ಹತ್ತು ಸಲವೂ 0.02.

ನಿನ್ನೆ ಸಂಜೆ ಹಿತ್ತಾಳೆ ರಾಡ್ ಹಾಕಿ ಹನ್ನೆರಡು ನಿಪ್ಪಲ್ ತೆಗೆದೆ. ಬಾರ್ ಫೀಡ್ ಇಲ್ಲದ್ದರಿಂದ ಪ್ರತಿ ಪೀಸಿಗೂ ಕೈಯಲ್ಲಿ ರಾಡ್ ಎಳೆಯಬೇಕು. ಹೆಂಡತಿ ಚಹಾ ತಂದವಳು ಒಂದನ್ನು ಬಿಸಿ ಇರುವಾಗಲೇ ಎತ್ತಿ ಬೆರಳು ಸುಟ್ಟುಕೊಂಡಳು.

ಭಾನುವಾರ ಪುಣೆಯ ಜೂನಾ ಬಜಾರಿಗೆ (ಹಳೆ ಸಾಮಾನಿನ ಸಂತೆ) ಹೋಗುತ್ತಿದ್ದೇನೆ, ಬಾರ್ ಫೀಡಿನ ಪುಲಿ, ತೂಕದ ಗುಂಡು ಏನಾದರೂ ಸಿಗುತ್ತದಾ ನೋಡಲು. ಕಾಕಾ, ನೀವು ಬರ್ತೀರಾ? ಮಂಗಳವಾರ ಪೇಟೆಯ ಹತ್ತಿರ ಒಂಬತ್ತಕ್ಕೆ ನಿಂತಿರುತ್ತೇನೆ.

ಬೀಡು ಕಾಕಾ
ಎಂಟಕ್ಕೆ ಬಾ. ಒಂಬತ್ತಕ್ಕೆ ಒಳ್ಳೆಯದೆಲ್ಲ ಹೋಗಿರುತ್ತದೆ. ಥ್ರೆಡ್ ಗೇಜ್ ಜೇಬಿನಲ್ಲಿ ಇಟ್ಟುಕೊಂಡು ಬಾ.